1881ರ ಜನಗಣತಿಯೊಳಗ ನಮ್ಮ ಹಿರಿಯರ ಹೆಸರು ಹುಡುಕೂದು ಹೆಂಗ್ರಿ? (ಗೋಕಾಕ / ಬಾಗೇವಾಡಿ)

ಘಟಪ್ರಭಾ ದಂಡಿ
ಎಲ್ಲಾರಿಗೂ ನಮಸ್ಕಾರ್ರಿ. ಮನೆತನದ ವಂಶಾವಳಿ ಬರಿಯಾಕ ಹತ್ತೀನಿ. ಬಸಪ್ಪ, ಅವರ ಅಪ್ಪ ಮಲ್ಲಪ್ಪ, ಅಲ್ಲಿಗೆ ನಿಂತೈತಿ. ಬಸಪ್ಪ ಹುಟ್ಟಿದ್ದು 1850ರ ಸುಮಾರು. 1876-78ರ ದೊಡ್ಡ ಬರದಾಗ ಊರು ಬಿಟ್ಟು ಬಂದು ಗೋಕಾಕ ತಾಲೂಕಿನ ಒಂದು ಹಳ್ಳಿಯೊಳಗ ನೆಲಿ ನಿಂತರು. ಆ ಹಳ್ಳಿ ಈಗ ಮೂಡಲಗಿ ತಾಲೂಕಿನಾಗ ಐತಿ. ಅಡ್ಡಹೆಸರು ಬಾಗೇವಾಡಿ. ಮನ್ಯಾಗ ಹಳೇ ಕಾಗದ ಯಾವುದೂ ಇಲ್ಲ, ಈಗಿನ ಉತಾರ (ಹೊಲದ ಪಹಣಿ) ಅಷ್ಟ ಐತಿ.

ಇಂಗ್ಲೆಂಡಿನ ಮಂದಿ 1881ರ ಜನಗಣತಿ ತಗದು ಮನಿಯೊಳಗ ಯಾರ್ಯಾರು ಇದ್ರು, ಅವರ ವಯಸ್ಸೆಷ್ಟು ಅಂತ ಓದತಾರ. ನಮ್ಮ ಜಿಲ್ಲೇದು ಅಂಥಾ ಪುಸ್ತಕ ಎಲ್ಲಿ ಸಿಗತಾವ್ರಿ? ಬೆಂಗಳೂರೋ, ಮುಂಬೈಯೋ, ದಿಲ್ಲಿಯೋ? ಬಾಗೇವಾಡಿ ಊರಿನ 1872ರ ಪುಸ್ತಕ ತಗದ್ರ ಮಲ್ಲಪ್ಪನವರ ಮನಿ ಸಿಗಬಹುದು ಅಂತ ನನ್ನ ವಿಚಾರ.

ಕಲಾದಗಿ ಕಡತ
ಎಲ್ಲಿಯೂ ಸಿಗುವುದಿಲ್ಲ. ಮುಂಬಯಿ ಇಲಾಖೆಯಲ್ಲಿ 1872ರ ಫೆಬ್ರವರಿ 21, 1881ರ ಫೆಬ್ರವರಿ 17, 1891ರ ಫೆಬ್ರವರಿ 26ರಂದು ಗಣತಿ ಆದದ್ದು ನಿಜ. ಮನೆಗೆ ನಂಬರು ಹಾಕಿ, ಪ್ರತಿಯೊಬ್ಬರ ಹೆಸರು, ವಯಸ್ಸು, ಜಾತಿ, ಉದ್ಯೋಗ ಬರೆದುಕೊಂಡದ್ದೂ ನಿಜ. 1881ರಲ್ಲಿ ಹುಟ್ಟಿದ ಜಿಲ್ಲೆಯನ್ನೂ ಕೇಳಿದ್ದರು. ಆದರೆ ಅಂಕಿ ಒಟ್ಟುಮಾಡಿ ತಖ್ತೆ ತಯಾರಾದ ಮೇಲೆ ಹೆಸರಿದ್ದ ಕಾಗದಗಳನ್ನು ನಾಶ ಮಾಡಿದರು. ಉಳಿದದ್ದು ಮುದ್ರಿತ ವರದಿ ಮಾತ್ರ: ತಾಲೂಕಿನಲ್ಲಿ ಎಷ್ಟು ಜನ, ಯಾವ ಜಾತಿ ಎಷ್ಟು, ಅಕ್ಷರ ಬಲ್ಲವರು ಎಷ್ಟು. ಅದರಲ್ಲಿ ಬಸಪ್ಪನೂ ಇಲ್ಲ, ಮಲ್ಲಪ್ಪನೂ ಇಲ್ಲ.

ಇದನ್ನು ಮೊದಲೇ ಒಪ್ಪಿಕೊಂಡರೆ ಆರು ತಿಂಗಳ ಓಡಾಟ ಉಳಿಯುತ್ತದೆ.

ಅಥಣಿ ಕಾಕಾ
ನಾಶ ಆಗ್ಯಾವ ಅಂತ ಸುಳ್ಳ ಹೇಳತಾರ್ರಿ, ದಿಲ್ಲಿಯೊಳಗ ಇರತಾವ. ಮಾಹಿತಿ ಹಕ್ಕಿನೊಳಗ ಒಂದು ಅರ್ಜಿ ಒಗೀರಿ, ಕೊಡಾಕ ಬೇಕು.

ಕಲಾದಗಿ ಕಡತ
ಕಾಕಾ, ಇಲ್ಲದ್ದನ್ನು ಕೊಡುವುದು ಹೇಗೆ? ಈಚಿನ ಗಣತಿಯ ಕಾಗದ ಇದ್ದರೂ ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಗಣತಿದಾರ ಬರೆದ ಹೆಸರಿನ ದಾಖಲೆಯನ್ನು ಯಾರೂ ತೆಗೆಸಿ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ನೂರು ವರ್ಷ ಆದ ಮೇಲೆ ತೆರೆಯುತ್ತಾರೆ, ನಮ್ಮಲ್ಲಿ ಆ ಪದ್ಧತಿಯೇ ಇಲ್ಲ.

ಸಿಂದಗಿ ಮಾಸ್ತರ
ಇಂಗ್ಲೆಂಡಿನ ಮಾತು ಬಂತಂತ ಹೇಳತೀನಿ. ಅಲ್ಲಿಯೂ 1841ರಿಂದ 1901ರವರೆಗೆ ಮನೆಯವರು ತುಂಬಿದ ಫಾರ್ಮುಗಳು ಉಳಿದಿಲ್ಲ. ಗಣತಿದಾರ ಅದನ್ನು ನಕಲು ಮಾಡಿದ ಪುಸ್ತಕ ಉಳಿದಿದೆ, ಜನ ಓದುವುದು ಅದನ್ನು. 1911ರಿಂದ ಮನೆಯವರ ಕೈಬರಹವೇ ಸಿಗುತ್ತದೆ. ನಮ್ಮಲ್ಲಿ ಫಾರ್ಮೂ ಇಲ್ಲ, ನಕಲೂ ಇಲ್ಲ.

ಜನಗಣತಿ ವರದಿ ಪೂರ್ತಿ ನಿರುಪಯೋಗಿ ಅಂತ ಅಲ್ಲ. 1872 ಮತ್ತು 1881ರ ಅಂಕಿ ಅಕ್ಕಪಕ್ಕ ಇಟ್ಟರೆ ಬರ ಯಾವ ತಾಲೂಕನ್ನು ಎಷ್ಟು ಬಡಿಯಿತು ಅಂತ ಕಾಣುತ್ತದೆ. ಕಲಾದಗಿ ಜಿಲ್ಲೆಯ ಜನಸಂಖ್ಯೆ ಆ ಒಂಬತ್ತು ವರ್ಷದಲ್ಲಿ ಭಾರೀ ಕುಸಿಯಿತು. ನಿಮ್ಮವರು ಊರು ಬಿಟ್ಟ ಕಾರಣ ಅಲ್ಲಿದೆ, ಹೆಸರು ಇಲ್ಲ.

ಘಟಪ್ರಭಾ ದಂಡಿ
ಅಯ್ಯ, ಹಂಗಾದ್ರ ಹಾದಿ ಮುಚ್ಚಿತೇನ್ರಿ?

ಬೈಲಹೊಂಗಲ ಅಕ್ಕ
ಯಾಕ ಮುಚ್ಚತೈತಿ ತಮ್ಮಾ. ಮನಷ್ಯಾನ ಬೆನ್ನ ಹತ್ತಬ್ಯಾಡ, ಹೊಲದ ಬೆನ್ನ ಹತ್ತು. ನಮ್ಮ ಕಡೆ ಸರಕಾರ ಮನಷ್ಯಾನ ಹೆಸರು ಬರದಿಟ್ಟಿದ್ದು ಕರ ವಸೂಲಿ ಸಲುವಾಗಿ. ಕರ ಬರೂದು ಹೊಲಕ್ಕ.

ಹಿಂಗ ಮಾಡು. ಈಗಿನ ಉತಾರದಾಗ ಸರ್ವೆ ನಂಬರ ಮತ್ತು ಹಿಸ್ಸಾ (ಹೊಲ ಒಡದ ಭಾಗದ) ನಂಬರ ಇರತಾವ. ಅದನ್ನ ಹಿಡಕೊಂಡು ತಹಶೀಲ್ದಾರ ಕಚೇರಿ ರೆಕಾರ್ಡ ರೂಮಿನಾಗ 2000ದ ಹಿಂದಿನ ಕೈಬರಹದ ಉತಾರ ಕೇಳು. ಕಂಪ್ಯೂಟರಿನ್ಯಾಗ ಇರೂದು ಭೂಮಿ ಯೋಜನೆ ಬಂದ ಮ್ಯಾಲಿನದು ಅಷ್ಟ. ಕೈಬರಹದ ಉತಾರದಾಗ ಕಬ್ಜೇದಾರನ (ಹೊಲ ಹಿಡಿದಾವನ) ಹೆಸರಿನ ಬಾಜೂಕ ದುಂಡಗ ಸುತ್ತು ಹಾಕಿದ ಒಂದು ನಂಬರ ಇರತೈತಿ. ಅದು ಡೈರಿ ನಂಬರ, ಅಂದ್ರ ಹಕ್ಕಪತ್ರಕದೊಳಗಿನ ನೋಂದಣಿ. ಆ ನಂಬರಿನ ನಕಲ ತಗದ್ರ "ಇಂಥಾವ ತೀರಿಕೊಂಡ, ಅವನ ವಾರಸಾ ಇಂಥಿಂಥಾ ಮಕ್ಕಳು" ಅಂತ ವರ್ದಿ ಬರದಿರತೈತಿ. ಅದರಾಗ ಹಿಂದಿನ ಡೈರಿ ನಂಬರ ಸಿಗತೈತಿ. ಹಂಗ ಒಂದೊಂದ ಮೆಟ್ಟಲಾ ಇಳಕೋತ ಹೋಗು.

ಮುಂಬಯಿ ಇಲಾಖೆಯೊಳಗ ಹಕ್ಕು ನೋಂದಣಿ ಕಾಯ್ದೆ ಬಂದಿದ್ದು 1903ರಾಗ, 1913ರಾಗ ಅದನ್ನ ಲ್ಯಾಂಡ್ ರೆವಿನ್ಯೂ ಕೋಡಿನಾಗ ಸೇರಿಸಿದರು. ಅಂದ್ರ ಡೈರಿ ನಂಬರ 1ರ ತನಕ ಇಳದ್ರ ಸುಮಾರು ಆ ಕಾಲಕ್ಕ ಮುಟ್ಟತಿ. ಅಲ್ಲಿ ಬಸಪ್ಪ ಇಲ್ಲಾ ಬಸಪ್ಪನ ಮಗ ಸಿಗಬೇಕು.

ಸಿಟಿಎಸ್ ನಂಬರ
ಅಕ್ಕಾರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಹಳ್ಳಿ ಈಗ ಮೂಡಲಗಿ ತಾಲೂಕಿಗೆ ಹೋಗಿದ್ದರೂ ಹಳೇ ಬಸ್ತಾ (ದಾಖಲೆಯ ಗಂಟು) ಗೋಕಾಕದಲ್ಲೇ ಇರಬಹುದು. ಎರಡೂ ಕಡೆ ಕೇಳಿ. ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡ, ತಾಳಿಕೋಟೆ, ಕೊಲ್ಹಾರ, ನಿಡಗುಂದಿ, ಈ ಹೊಸ ತಾಲೂಕು ಎಲ್ಲದಕ್ಕೂ ಇದೇ ಮಾತು. ಅರ್ಜಿಯಲ್ಲಿ "ನಮ್ಮ ಅಜ್ಜನ ಎಲ್ಲಾ ದಾಖಲೆ ಕೊಡಿ" ಅಂತ ಬರೆದರೆ ವಾಪಸ್ ಬರುತ್ತದೆ. ಊರು, ಸರ್ವೆ ನಂಬರು, ದಾಖಲೆಯ ಹೆಸರು, ವರ್ಷ ಇಂತಿಷ್ಟರಿಂದ ಇಂತಿಷ್ಟು, ಹೀಗೆ ಒಂದು ಅರ್ಜಿಗೆ ಒಂದೇ ದಾಖಲೆ ಕೇಳಿ.

ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ರೆಕಾರ್ಡ್ ರೂಮುಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಊರಿನದು ಆಗಿದ್ದರೆ ಬಸ್ತಾ ಬಿಚ್ಚುವ ತ್ರಾಸು ಇರುವುದಿಲ್ಲ.

ಜೋಳದ ಹೊಲ
ಸರ್ವೆ ನಂಬರ ಹಿಸ್ಸಾ ನೋಡಿದ್ರ ಅಣ್ಣತಮ್ಮರೂ ಸಿಗತಾರಲ್ರಿ. 21/1, 21/2, 21/3 ಇದ್ರ ಮೂರು ಮಂದಿ ಅಣ್ಣತಮ್ಮರು, ಹಿರಿಯಾಂವ 1ನೇ ಹಿಸ್ಸಾ.

ಕಲಾದಗಿ ಕಡತ
ಇಲ್ಲ, ಈ ತಪ್ಪಿನಿಂದಲೇ ಎಷ್ಟೋ ವಂಶಾವಳಿ ಕೆಟ್ಟಿವೆ. ಹಿಸ್ಸಾ ಬೀಳುವುದು ವಾಟ್ನಿಯಿಂದಲೂ (ಮನೆತನದ ಪಾಲಿನಿಂದ) ಆಗುತ್ತದೆ, ಖರೀದಿಯಿಂದಲೂ ಆಗುತ್ತದೆ, ಸಾಲಕ್ಕೆ ಅರ್ಧ ಹೊಲ ಬಿಟ್ಟುಕೊಟ್ಟರೂ ಆಗುತ್ತದೆ. ನಂಬರಿನ ಕ್ರಮಕ್ಕೂ ಹಿರಿತನಕ್ಕೂ ಸಂಬಂಧವಿಲ್ಲ. ಮೋಜಣಿದಾರ ಯಾವ ದಿಕ್ಕಿನಿಂದ ಅಳೆದನೋ ಆ ಕ್ರಮ. ಪೋಡಿ (ಹೊಲದ ವಿಭಜನೆ) ಯಾಕೆ ಆಯಿತು ಎಂದು ಡೈರಿಯಲ್ಲಿ ಓದದೆ ಅಣ್ಣತಮ್ಮ ಅಂತ ಬರೆಯಬೇಡಿ.

ಜೋಳದ ಹೊಲ
ಡೈರಿಯೊಳಗ "ವಾಟ್ನಿ ಪ್ರಕಾರ" ಅಂತ ಇದ್ರ?

ಕಲಾದಗಿ ಕಡತ
ಇದ್ದರೆ ಒಪ್ಪಬಹುದು. ಆಗಲೂ ಅಣ್ಣತಮ್ಮರೋ, ಕಾಕಾ-ಮಗನೋ ಅಂತ "ಬಿನ್" ನೋಡಿ ತೀರ್ಮಾನಿಸಿ.

ಮೋಡಿ ಓದುಗ
"ಬಿನ್" ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರಿಗೆ ಇಲ್ಲೇ ಎಡವುತ್ತದೆ.

"ಬಸಪ್ಪ ಬಿನ್ ಮಲ್ಲಪ್ಪ" ಅಂದರೆ ಮಲ್ಲಪ್ಪನ ಮಗ ಬಸಪ್ಪ. "ವಲದ್" ಅಂದರೂ ಅದೇ ಅರ್ಥ. "ಗಂಗವ್ವ ಕೋಂ ಬಸಪ್ಪ" ಅಂದರೆ ಬಸಪ್ಪನ ಹೆಂಡತಿ. ಮರಾಠಿ ಬರಹದಲ್ಲಿ ಗಂಡನ ಹೆಸರಿನ ಹಿಂದೆ "ಭ್ರತಾರ" ಅಂತ ಬರುತ್ತದೆ. "ಅ.ಪಾ.ಕ." ಅಂದರೆ ಅಜ್ಞಾನ ಪಾಲನ ಕರ್ತ, ಅಂದರೆ ಮಗ ಸಣ್ಣವನಿದ್ದಾನೆ, ಅವನ ಪರವಾಗಿ ತಾಯಿಯೋ ಕಾಕನೋ ನಿಂತಿದ್ದಾರೆ. ಈ ಮೂರಕ್ಷರ ಕಂಡರೆ ಬಹಳ ಬೆಲೆಯುಳ್ಳದ್ದು ಅಂತ ತಿಳಿಯಿರಿ, ಯಾಕಂದರೆ ತಂದೆ ತೀರಿಕೊಂಡ ಕಾಲ ಮತ್ತು ಮಗನ ಅಂದಾಜು ವಯಸ್ಸು ಎರಡೂ ಒಟ್ಟಿಗೆ ಸಿಕ್ಕ ಹಾಗೆ. "ಏ.ಕು.ಮ್ಯಾ." ಅಂದರೆ ಏಕತ್ರ ಕುಟುಂಬದ ಮ್ಯಾನೇಜರ. ಒಬ್ಬನ ಹೆಸರಿದ್ದರೂ ಹಿಂದೆ ಅಣ್ಣತಮ್ಮರು ಇದ್ದಾರೆ ಅಂತ ಅರ್ಥ.

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಬಸಪ್ಪ ಬಿನ್ ಮಲ್ಲಪ್ಪ, ಮಲ್ಲಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಮಲ್ಲಪ್ಪ ಅಂತ ಸುತ್ತು ಹೊಡೆಯುತ್ತದೆ. 1880ರ ಬಸಪ್ಪನೂ 1930ರ ಬಸಪ್ಪನೂ ಕಾಗದದ ಮೇಲೆ ಒಬ್ಬನೇ ಆಗಿ ಕಾಣುತ್ತಾರೆ. ಪ್ರತಿ ಹೆಸರಿನ ಮುಂದೆ ದಾಖಲೆಯ ವರ್ಷ ಬರೆದಿಡದಿದ್ದರೆ ಎರಡು ತಲೆಮಾರು ಮಾಯವಾಗಿ ಹೋಗುತ್ತವೆ.

ಬೈಲಹೊಂಗಲ ಅಕ್ಕ
ದತ್ತಕ ಹೋದ್ರ ಬಿನ್ ಬದಲಾಗತೈತಿ, ಅದನ್ನೂ ಹೇಳ್ರಿ. ಹಡದಪ್ಪನ ಹೆಸರು ಹೋಗಿ ದತ್ತಕ ತಗೊಂಡಾವನ ಹೆಸರು ಬರತೈತಿ. ಮನಿ ಅಳಿಯ ಆದ್ರ ಅಡ್ಡಹೆಸರು ಹೆಂಡತಿ ಮನೀದು ಆಗಬಹುದು. ಉಡಕಿ (ಮರುಮದುವಿ) ಮಾಡಿಕೊಂಡ ಹೆಣ್ಣಮಗಳ ಮೊದಲಿನ ಮಕ್ಕಳು ಒಂದ ಕಡೆ, ಎರಡನೇ ಮಕ್ಕಳು ಇನ್ನೊಂದ ಕಡೆ ಬರತಾರ. ಬಿನ್ ಮುಂದ ತಾಯಿ ಹೆಸರು ಬಂದ್ರ ಕಾರಕೂನ ತಪ್ಪ ಬರದಾನ ಅಂತ ತಿದ್ದಬ್ಯಾಡ್ರಿ. ದೇವರಿಗೆ ಬಿಟ್ಟ ಹೆಣ್ಣಮಗಳಿಗೆ ಅಪ್ಪನ ಆಸ್ತಿ ಬಂದು, ಅವಳ ಮಕ್ಕಳಿಗೆ ಅವಳ ಹೆಸರ ಹತ್ತಿದ್ದು ನಮ್ಮ ಮೂರೂ ಜಿಲ್ಲೆಯೊಳಗ ಐತಿ. ಇದ್ದದ್ದು ಇದ್ದಂಗ ಬರೀರಿ.

ಹೆಣ್ಣಮಕ್ಕಳ ತವರು ಹುಡಕೂ ಹಾದಿ ಅಂದ್ರ ಅರಿಷಿಣ ಕುಂಕುಮಕ್ಕ ಕೊಟ್ಟ ಹೊಲ. ಅಪ್ಪ ಮಗಳಿಗೆ ಬರಕೊಟ್ಟಿರತಾನ. ಆ ಪತ್ರದಾಗ ಅಪ್ಪನ ಊರು, ಗಂಡನ ಊರು ಎರಡೂ ಇರತಾವ.

ಅಥಣಿ ಕಾಕಾ
ಇಷ್ಟೆಲ್ಲಾ ಯಾಕ್ರಿ? ಹೆಳವರನ್ನ ಕೇಳ್ರಿ, ಏಳು ತಲಿಮಾರು ಬಾಯಾಗ ಹೇಳತಾರ.

ಸಿಂದಗಿ ಮಾಸ್ತರ
ಹೆಳವರನ್ನು ಕೇಳಬೇಕು, ನಾನೂ ಒಪ್ಪತೀನಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಮನೆ ಮುಂದೆ ಬಂದು ಕುಲ, ಬೆಡಗು, ಮೂಲ ಊರು, ಹಿರಿಯರ ಹೆಸರು ಹೇಳಿ ಕಾಳು, ಬಟ್ಟೆ ತಗೊಂಡು ಹೋಗುತ್ತಾರೆ. ಒಂದು ಹೆಳವರ ಮನೆತನಕ್ಕೆ ಇಂತಿಷ್ಟೇ ಊರು ಅಂತ ಹಂಚಿಕೆ ಇರುತ್ತದೆ. ಈಗ ಅನೇಕರು ಪುಸ್ತಕದಲ್ಲಿ ಬರೆದೂ ಇಡುತ್ತಾರೆ.

ಕಲಾದಗಿ ಕಡತ
ಅವರು ಹೇಳಿದ್ದಕ್ಕೆ ವರ್ಷ ಇರುವುದಿಲ್ಲ, ಮಧ್ಯದಲ್ಲಿ ಮಕ್ಕಳಿಲ್ಲದೆ ಸತ್ತವರು ಬಿಟ್ಟು ಹೋಗುತ್ತಾರೆ, ಹೆಣ್ಣುಮಕ್ಕಳು ಬರುವುದಿಲ್ಲ. ದಾಖಲೆ ಅಂತ ಕರೆಯಲಾರೆ.

ಸಿಂದಗಿ ಮಾಸ್ತರ
ಕುಲಕರ್ಣಿ ಬರೆದದ್ದರಲ್ಲಿ ಹೆಣ್ಣುಮಕ್ಕಳು ಇದ್ದಾರೇನು? ಹೊಲ ಇಲ್ಲದವರ ಹೆಸರು ಸರ್ವೆಯಲ್ಲಿ ಇದೆಯೇನು? ಕೂಲಿ, ನೇಕಾರ, ಕುರಿ ಕಾಯುವವರ ಮನೆತನಕ್ಕೆ ಎಷ್ಟೋ ಸಲ ಹೆಳವರ ಮಾತೊಂದೇ ಆಧಾರ. ನಾನು ಹೇಳುವುದು ಇಷ್ಟೇ: ಮೂಲ ಊರು ಯಾವುದು ಅಂತ ಹೆಳವರಿಂದ ತಿಳಿಯಿರಿ, ಹೆಸರು-ವರ್ಷ ಕಾಗದದಿಂದ ತಿಳಿಯಿರಿ. ಊರು ಬಿಟ್ಟು ಬಂದವರಿಗೆ ಊರೇ ಗೊತ್ತಿಲ್ಲದಿದ್ದರೆ ಕಾಗದ ಎಲ್ಲಿ ಹುಡುಕುತ್ತೀರಿ?

ಕಲಾದಗಿ ಕಡತ
ಊರಿನ ಮಟ್ಟಿಗೆ ಒಪ್ಪಿದೆ.

ಹುನಗುಂದ ಕಡೆಯಾಂವ
ಊರ ಅಂದ್ರ, ಬಾಗೇವಾಡಿ ಅಂತ ಅಡ್ಡಹೆಸರೇ ಐತಲ್ಲ, ಊರು ಗೊತ್ತಾದಂಗ ಆತಲ್ರಿ. ಬಸವನ ಬಾಗೇವಾಡಿಗೆ ಹೋಗಿ ಬಾಗೇವಾಡಿ ಅನ್ನೋ ಮನೆತನ ಹುಡಕ್ರಿ.

ಬೈಲಹೊಂಗಲ ಅಕ್ಕ
ಬಸವನ ಬಾಗೇವಾಡಿನ ಯಾಕ? ನಮ್ಮ ಕಡೆ ಹಿರೇಬಾಗೇವಾಡಿ ಐತಿ. ಗೋಕಾಕಕ್ಕ ಅದ ಹತ್ತಿರ.

ಮೋಡಿ ಓದುಗ
ಇಬ್ಬರಿಗೂ ಒಂದು ವಿನಂತಿ. ಊರಿನಿಂದ ಬಂದ ಅಡ್ಡಹೆಸರು ಆ ಊರಲ್ಲಿ ಸಿಗುವುದು ಕಷ್ಟ. ಬಾಗೇವಾಡಿಯಲ್ಲಿ ಇರುವವನನ್ನು ಬಾಗೇವಾಡಿ ಅಂತ ಯಾರು ಕರೆಯುತ್ತಾರೆ? ಅಲ್ಲಿ ಎಲ್ಲರೂ ಬಾಗೇವಾಡಿಯವರೇ. ಬೇರೆ ಊರಿಗೆ ಹೋದ ಮೇಲೆ ಅಲ್ಲಿಯ ಜನ "ಬಾಗೇವಾಡಿಯಿಂದ ಬಂದಾವ" ಅಂತ ಕರೆದು ಆ ಹೆಸರು ಹತ್ತುತ್ತದೆ. ಮೂಲ ಊರಲ್ಲಿ ಅದೇ ಮನೆತನಕ್ಕೆ ಬೇರೆ ಹೆಸರು ಇರುತ್ತದೆ: ಉದ್ಯೋಗದ್ದೋ, ವತನದ್ದೋ (ವಂಶಪಾರಂಪರ್ಯದ ಊರ ಅಧಿಕಾರ), ಹಿರಿಯನೊಬ್ಬನ ಅಡ್ಡಹೆಸರೋ. ಹಾಗಾಗಿ ಮೂಲ ಊರಲ್ಲಿ ಹುಡುಕುವಾಗ ಅಡ್ಡಹೆಸರು ಬದಿಗಿಟ್ಟು "ಬಸಪ್ಪ ಬಿನ್ ಮಲ್ಲಪ್ಪ" ಎಂಬ ಜೋಡಿಯನ್ನೇ ಹುಡುಕಬೇಕು. ಮರಾಠಿ ಕಾರಕೂನ ಬರೆದ ಕಾಗದದಲ್ಲಿ ಅದೇ ಮನೆತನ "ಬಾಗೇವಾಡಿಕರ" ಆಗಿರಬಹುದು.

ಹುನಗುಂದ ಕಡೆಯಾಂವ
ಇದು ನನಗ ಹೊಳದಿರಲಿಲ್ಲ ನೋಡ್ರಿ. ಖರೇ ಐತಿ.

ಕಲಾದಗಿ ಕಡತ
ಇನ್ನೊಂದು ತೊಡಕು. ಹಳೇ ಕಾಗದದಲ್ಲಿ ತಾಲೂಕಿನ ಹೆಸರುಗಳು ಬೇರೆ. ಸವದತ್ತಿ ಅಂತ ಹುಡುಕಿದರೆ ಸಿಗುವುದಿಲ್ಲ, ಅದು ಪರಸಗಡ ತಾಲೂಕು. ಬೈಲಹೊಂಗಲ ಇದ್ದದ್ದು ಸಂಪಗಾವಿ ತಾಲೂಕಿನಲ್ಲಿ, ಹಿರೇಬಾಗೇವಾಡಿಯೂ ಅದರಲ್ಲೇ. ಬಾಗೇವಾಡಿ ತಾಲೂಕು ಅಂತ ಬರೆದಿದ್ದರೆ ಅದು ಈಗಿನ ಬಸವನ ಬಾಗೇವಾಡಿ.

ಜಿಲ್ಲೆಯೂ ಬದಲಾಗಿದೆ. ಬೆಳಗಾವಿ ಕಲೆಕ್ಟರೇಟು 1836ರಲ್ಲಿ ಧಾರವಾಡದಿಂದ ಬೇರೆ ಆಯಿತು. ಕಲಾದಗಿ ಜಿಲ್ಲೆ ಆದದ್ದು 1864ರಲ್ಲಿ. 1885ರಲ್ಲಿ ಮುಖ್ಯ ಕಚೇರಿ ಬಿಜಾಪುರಕ್ಕೆ ಹೋಯಿತು. ಬಾಗಲಕೋಟೆ ಜಿಲ್ಲೆ 1997ರದ್ದು. 1870ರ ಕಾಗದದಲ್ಲಿ "ಜಿ॥ ಕಲಾದಗಿ" ಅಂತ ಕಂಡರೆ ಕಲಾದಗಿ ಊರು ಅಂತ ತಿಳಿಯಬೇಡಿ, ಅದು ಇಂಡಿ, ಸಿಂದಗಿಯವರೆಗೆ ಹೋಗುತ್ತದೆ.

ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನದ ಊರುಗಳಿಗೆ ಈ ಲೆಕ್ಕವೇ ನಡೆಯುವುದಿಲ್ಲ. ಬೆಳಗಾವಿಯ ಶಹಾಪುರ ಕೂಡ ಸಾಂಗಲಿ ಸಂಸ್ಥಾನದ್ದು. 1948ರಲ್ಲಿ ವಿಲೀನ ಆಗುವ ತನಕ ಅಲ್ಲಿಯ ದಫ್ತರವೇ ಬೇರೆ.

ಸಿಟಿಎಸ್ ನಂಬರ
ಶಹಾಪುರದವರಿಗೆ ಒಂದು ಮಾತು: ಮನೆ ಜಾಗಕ್ಕೆ ಸಿಟಿಎಸ್ ನಂಬರ್ ಇದ್ದರೆ ಸಿಟಿ ಸರ್ವೆ ಕಚೇರಿಯಲ್ಲಿ ಚೌಕಶಿ ರಜಿಸ್ಟರ್ ಕೇಳಿ. ಮೊದಲ ಸಲ ನಂಬರ್ ಹಾಕಿದಾಗ "ಈ ಜಾಗ ನಿಮಗೆ ಹೇಗೆ ಬಂತು" ಅಂತ ವಿಚಾರಿಸಿ ಬರೆದಿರುತ್ತಾರೆ. ಕೆಲವು ಕಡೆ ಅಜ್ಜನ ಹೆಸರಿನ ತನಕ ಸಿಗುತ್ತದೆ. ಬಾಗಲಕೋಟೆ ಹಳೇ ಊರಿಗೂ ಇದು ಅನ್ವಯ.

ಹುನಗುಂದ ಕಡೆಯಾಂವ
ಬಾಗಲಕೋಟಿ ಅಂದ ಕೂಡಲೇ ನೆನಪಾತು. ಆಲಮಟ್ಟಿ ಹಿನ್ನೀರಿನಾಗ ಮುಳುಗಿದ ಊರಿನವರು ಹೊಲಾನ ಇಲ್ಲ, ಉತಾರ ಎಲ್ಲಿಂದ ತರೂದು ಅಂತ ಕೈ ಚೆಲ್ಲತಾರ. ಭೂಸ್ವಾಧೀನದ ಕಡತ ತೆಗಸ್ರಿ. ಪರಿಹಾರ ಕೊಡೂ ಮೊದಲು ವಾರಸುದಾರ ಯಾರು ಅಂತ ವಂಶಾವಳಿ ಹಾಕಿಸಿರತಾರ, ಹಳೇ ಡೈರಿ ನಕಲೂ ಅದರಾಗ ಲಗತ್ತು ಮಾಡಿರತಾರ. ಹಿಡಕಲ್ ಡ್ಯಾಮಿನವರು, ನವಿಲುತೀರ್ಥದವರೂ ಹಂಗ ನೋಡಬೇಕು.

ಜೋಳದ ಹೊಲ
ತಲಾಠಿ ಕಡೆ ತಗೊಂಡ ವಂಶಾವಳಿ ಸಾಕಾಗೂದಿಲ್ಲೇನ್ರಿ?

ಕಲಾದಗಿ ಕಡತ
ಅದು ಮನೆಯವರು ಪ್ರಮಾಣ ಪತ್ರ ಮಾಡಿ ಹೇಳಿದ್ದನ್ನು ಪಂಚರ ಸಹಿಯೊಂದಿಗೆ ಬರೆದುಕೊಟ್ಟದ್ದು. ವಾರಸಾ ಮಾಡಲು ಬೇಕು. ಇತಿಹಾಸಕ್ಕೆ ಹೊಸ ಮಾಹಿತಿ ಕೊಡುವುದಿಲ್ಲ, ನೀವು ಹೇಳಿದ್ದೇ ನಿಮಗೆ ವಾಪಸ್ ಬರುತ್ತದೆ.

ಘಟಪ್ರಭಾ ದಂಡಿ
ಎಲ್ಲಾರಿಗೂ ಶರಣ್ರಿ. ಡೈರಿ ಹಾದಿ ಹಿಡಿದು ಸುಮಾರು 1915ರ ತನಕ ಇಳೀಬಹುದು ಅಂತ ತಿಳೀತು. ಅದಕ್ಕೂ ಹಿಂದ, 1880ರ ತನಕ ಹೋಗಾಕ ಏನೈತಿ? ಮೂಲ ಊರಿನಾಗ ಹೊಲಾ ಬಿಟ್ಟು ಬಂದಿದ್ರ ಅದರ ಗುರುತ ಎಲ್ಲಿ ಉಳದಿರತೈತಿ?

ಮೋಡಿ ಓದುಗ
ಇದು ಸರಿಯಾದ ಪ್ರಶ್ನೆ. ಮುಂಬಯಿ ಸರ್ವೆ ಪದ್ಧತಿಯಲ್ಲಿ ನಮ್ಮ ಕಡೆ ಮೊದಲ ಅಳತೆ 1840-50ರ ದಶಕಗಳಲ್ಲಿ ನಡೆಯಿತು. ಆಕಾರ (ಹೊಲದ ಕರ) 30 ವರ್ಷಕ್ಕೆ ಕಾಯಂ. ಅದು ಮುಗಿದ ಮೇಲೆ ಮರು ಅಳತೆ, ಅಂದರೆ 1870-80ರ ದಶಕಗಳಿಂದ. ಎರಡೂ ಸಲ ಸರ್ವೆ ನಂಬರಿಗೆ ತಕ್ಕಂತೆ ಖಾತೇದಾರನ ಹೆಸರು ಬರೆದಿದ್ದಾರೆ. ನಿಮಗೆ ಬೇಕಾದದ್ದು ಈ ಎರಡನೇ ಸುತ್ತಿನ ಕಾಗದ. ಆಕಾರ್‌ಬಂದ್‌ನಲ್ಲಿ ಎಕರೆ, ಗುಂಟೆ, ಆಕಾರ ಇರುತ್ತದೆ. ಹೆಸರು ಬೇಕಾದರೆ ಸರ್ವೆ ಕಚೇರಿಯಲ್ಲಿ ಫೈಸಲ್ ಪತ್ರಕ, ಪ್ರತಿ ಪುಸ್ತಕ ಕೇಳಬೇಕು.

ಬರದಲ್ಲಿ ಊರು ಬಿಟ್ಟವರಿಗೆ ಮುಖ್ಯವಾದದ್ದು ರಾಜೀನಾಮೆ ಮತ್ತು ಕಬೂಲಾಯತು. ಇಲ್ಲಿ ರಾಜೀನಾಮೆ ಅಂದರೆ ನೌಕರಿ ಬಿಡುವುದಲ್ಲ, "ಈ ಸರ್ವೆ ನಂಬರು ಇನ್ನು ನನಗೆ ಬೇಡ, ಮುಂದಿನ ವರ್ಷದಿಂದ ಕರ ಕಟ್ಟುವುದಿಲ್ಲ" ಅಂತ ಹೊಲ ಬಿಟ್ಟುಕೊಡುವ ಪತ್ರ. ಆ ಹೊಲ ಹಿಡಿದ ಹೊಸಬ ಬರೆದುಕೊಟ್ಟದ್ದು ಕಬೂಲಾಯತು. ವರ್ಷ ವರ್ಷದ ಬದಲಾವಣೆ ಲಾವಣಿ ಪತ್ರಕದಲ್ಲಿ ಏರುತ್ತಿತ್ತು. 1877-79ರ ಲಾವಣಿ ಪತ್ರಕದಲ್ಲಿ ಒಂದೇ ಊರಿನಿಂದ ಸಾಲುಸಾಲು ಹೆಸರು ಬಿಟ್ಟುಹೋಗಿದ್ದರೆ ಅಲ್ಲಿ ನಿಮ್ಮ ಜೋಡಿ ಹೆಸರು ಹುಡುಕಬೇಕು.

ಯಾವುದು ಉಳಿದಿರುತ್ತದೆ ಅನ್ನುವುದು ವರ್ಗದ ಮೇಲೆ. ಎ ವರ್ಗದ ಕಡತ ಕಾಯಂ, ಬಿ ವರ್ಗದ್ದು 30 ವರ್ಷ, ಉಳಿದವು ಅದಕ್ಕಿಂತ ಬೇಗ ಹೋಗುತ್ತವೆ. ಸರ್ವೆ ಮೂಲ ಕಾಗದ ಉಳಿಯುತ್ತದೆ. ಲಾವಣಿ ಪತ್ರಕ ಪ್ರತಿ ಊರಿಗೂ ಸಿಗುವುದಿಲ್ಲ.

ಅಥಣಿ ಕಾಕಾ
ಬರಕ್ಕ ಹೋದವರು ಎಲ್ಲಾರೂ ರಾಜೀನಾಮೆ ಬರದು ಹೋಗತಿದ್ರೇನ್ರಿ? ರಾತ್ರೋರಾತ್ರಿ ಗಂಟು ಕಟಗೊಂಡು ಮೊಗಲಾಯಿಗೆ (ನಿಜಾಮನ ಸೀಮಿಗೆ) ಹೋದವರ ಲೆಕ್ಕ?

ಮೋಡಿ ಓದುಗ
ಒಳ್ಳೆಯ ಮಾತು ಕಾಕಾ. ಬರೆಯದೆ ಹೋದರೆ ಕರ ಬಾಕಿ ಬಿದ್ದು ಹೊಲ ಸರಕಾರಕ್ಕೆ ಜಮಾ ಆಗುತ್ತಿತ್ತು. ಆಗ ಆ ನಂಬರಿನ ಮುಂದೆ ಖಾತೇದಾರನ ಜಾಗದಲ್ಲಿ ಸರಕಾರಿ ಪಡಾ ಅಂತ ಬರುತ್ತದೆ. ಅಂಥ ನಂಬರಿನ ಹಿಂದಿನ ಸರ್ವೆಯಲ್ಲಿ ಯಾರಿದ್ದರು ಅಂತ ನೋಡಬೇಕು. ಇಡೀ ಊರೇ ಹಾಳುಬಿದ್ದಿದ್ದರೆ ಬೇಚರಾಕ್ ಅಂತ ಬರೆದಿರುತ್ತಾರೆ, ಅದರ ದಫ್ತರ ಪಕ್ಕದ ಊರಿನ ಕುಲಕರ್ಣಿ ಕಡೆ ಹೋಗಿರುತ್ತದೆ.

ಬೈಲಹೊಂಗಲ ಅಕ್ಕ
ಗೌಡಕಿ, ಕುಲಕರ್ಣಿಕಿ, ವಾಲೀಕಾರಕಿ, ತಳವಾರಕಿ, ಯಾವುದರ ವತನ ಇದ್ದ ಮನೆತನ ಆದ್ರ ನಶೀಬ ತೆರದಂಗ. 1874ರ ವತನ ಕಾಯ್ದೆ ಪ್ರಕಾರ ಹಕ್ಕ ಯಾರಿಗೆ ಅಂತ ಚೌಕಶಿ ಮಾಡಿ ವಂಶದ ಗಿಡಾನ ಬರಸ್ಯಾರ. ಅಣ್ಣತಮ್ಮರ ಜಗಳ ಇದ್ದಷ್ಟು ಗಿಡ ದೊಡ್ಡದು! ಇನಾಮ ಭೂಮಿ ಇದ್ರ ಅದಕ್ಕೂ ಹಿಂದಿಂದು. 1852ರ ಇನಾಮ ಕಮಿಷನ್ ಮುಂದ ತಮ್ಮ ಹಿರಿಯರಿಗೆ ಯಾರು ಕೊಟ್ಟರು ಅಂತ ಸನದು ತೋರಸಬೇಕಾಗಿತ್ತು. ಆ ಕಾಗದ ಪುಣೆ ದಫ್ತರದಾಗ ಹುಡಕಬೇಕು, ಮೋಡಿ (ಮರಾಠಿಯ ಹಳೇ ಓಟಬರಹದ ಲಿಪಿ) ಓದಾಕ ಬರಬೇಕು.

ಜೋಳದ ಹೊಲ
ಮೋಡಿ ಕಲಿಯೂದು ಎಷ್ಟ ದಿವಸದ ಕೆಲಸ್ರಿ? ದೇವನಾಗರಿ ಬರತೈತಿ.

ಮೋಡಿ ಓದುಗ
ಅಕ್ಷರ ಗುರುತು ಹಿಡಿಯಲು ದಿನಾ ಒಂದು ತಾಸು ಕೂತರೆ ಒಂದು ತಿಂಗಳು. ಕೈಬರಹ ಓದುವುದಕ್ಕೆ ಹೆಚ್ಚು. ಮೋಡಿಯಲ್ಲಿ ಮೊದಲು ಮೇಲಿನ ಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ ಬರೆಯುತ್ತಾರೆ. ಶಬ್ದಗಳ ನಡುವೆ ಜಾಗ ಬಿಡುವುದಿಲ್ಲ. ಹ್ರಸ್ವ-ದೀರ್ಘ ಇಕಾರ, ಉಕಾರ ಬೇರೆ ಮಾಡುವುದಿಲ್ಲ. ನಮ್ಮ ಬಸಪ್ಪ ಅಲ್ಲಿ "ಬಸಾಪಾ ಬಿನ ಮಲಾಪಾ" ಆಗುತ್ತಾನೆ. ಹಾಗಾಗಿ ಮೊದಲು ನಿಮ್ಮ ಊರಿನ ಹೆಸರು, ಪಕ್ಕದ ನಾಲ್ಕು ಊರಿನ ಹೆಸರು, ನಿಮ್ಮ ಮನೆತನದ ಐದಾರು ಹೆಸರುಗಳನ್ನು ಮೋಡಿಯಲ್ಲಿ ನೀವೇ ನೂರು ಸಲ ಬರೆಯಿರಿ. ಕಣ್ಣು ಅವನ್ನು ಪುಟದಲ್ಲಿ ತಾನೇ ಹಿಡಿಯುತ್ತದೆ.

ವರ್ಷ ಓದುವುದೂ ಕಲಿಯಬೇಕು. ಇಸವಿ ಬೇಕಾದರೆ, ಶಕೆ ಇದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿಯೊಳಗಿನ ತಿಥಿ ಆದರೆ 79. ಫಸಲಿ (ಕಂದಾಯದ ವರ್ಷ) ಇದ್ದರೆ 590, ಜನವರಿ ನಂತರ ಆದರೆ 591. ಸುಹೂರ ಸನ (ಮರಾಠಿ ದಫ್ತರದ ವರ್ಷ) ಇದ್ದರೆ 599, ಜನವರಿ ನಂತರ 600. ಸುಹೂರ ಅರಬಿ ಶಬ್ದದಲ್ಲಿ ಬರುತ್ತದೆ, ಸಣ್ಣ ಅಂಕಿ ಮೊದಲು: "ಇಸನ್ನೆ ಆರ್ಬೈನ ಮಯಾತೈನ ವ ಅಲಫ" ಅಂದರೆ 2, 40, 200, 1000, ಒಟ್ಟು 1242, ಅಂದರೆ 1841-42. ಫಸಲಿ, ಸುಹೂರ ಎರಡೂ ಮೃಗ ನಕ್ಷತ್ರಕ್ಕೆ, ಜೂನ್ ಮೊದಲ ವಾರದಲ್ಲಿ ಬದಲಾಗುತ್ತವೆ.

ಜೋಳದ ಹೊಲ
ಮಳಿ ಚಾಲೂ ಆಗೂ ಹೊತ್ತಿಗೆ ಹೊಸ ವರ್ಷ. ರೈತರ ಲೆಕ್ಕ ಅದು. ಹಂಗ ಗುಂಟೆ ಲೆಕ್ಕಾನೂ ಹಳೇದ ಅಲ್ರಿ? ನಮ್ಮಲ್ಲೆ ಇನ್ನೂ ಆಣೆ ಅಂತಾರ.

ಕಲಾದಗಿ ಕಡತ
ಆ ಸರ್ವೆಯದೇ. ಸರಪಳಿ 33 ಫೂಟು, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ 1089 ಚದರ ಫೂಟು, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. ಇದು ಇಲ್ಲಿ ಉಪಯೋಗಕ್ಕೂ ಬರುತ್ತದೆ: ಮರು ಅಳತೆಯಲ್ಲಿ ನಂಬರು ಬದಲಾಗಿದ್ದರೆ ಕ್ಷೇತ್ರ ಹೊಂದಿಸಿ ನೋಡಬೇಕು. ಒಂದೆರಡು ಗುಂಟೆ ಫರಕು ಸಹಜ. ಎಕರೆಗಟ್ಟಲೆ ಫರಕು ಬಂದರೆ ನೀವು ಬೇರೆಯವರ ಹೊಲ ಹಿಡಿದಿದ್ದೀರಿ.

ಸಿಂದಗಿ ಮಾಸ್ತರ
ಸಾವು-ಹುಟ್ಟಿನ ರಜಿಸ್ಟರ್ ಯಾರೂ ಹೇಳಲಿಲ್ಲ. ಊರಿನ ಗೌಡ-ಕುಲಕರ್ಣಿ ಬರೆದಿಡುತ್ತಿದ್ದರು. ಹಳೇವು ಉಳಿದಿದ್ದರೆ ತಾಲೂಕು ಕಚೇರಿಯಲ್ಲಿ ಇರುತ್ತವೆ. ಹೆಸರು, ಜಾತಿ, ವಯಸ್ಸು, ಸಾವಿನ ಕಾರಣ: ಜ್ವರ, ಪಟಕಿ (ಕಾಲರಾ), ದೇವಿ (ಸಿಡುಬು), ಪ್ಲೇಗು. ಹೊಲ ಇಲ್ಲದವರೂ, ಹೆಣ್ಣುಮಕ್ಕಳೂ ಇದರಲ್ಲಿ ಬರುತ್ತಾರೆ. ವಯಸ್ಸನ್ನು ಮಾತ್ರ ನಂಬಬೇಡಿ. 40, 45, 50, 60 ಅಂತ ದುಂಡಗೆ ಹೇಳಿರುತ್ತಾರೆ, ಐದು-ಹತ್ತು ವರ್ಷ ಆ ಕಡೆ ಈ ಕಡೆ ಇಟ್ಟುಕೊಳ್ಳಿ. ಶಾಲೆಯ ಜನರಲ್ ರಜಿಸ್ಟರಿನ ಜನ್ಮ ತಾರೀಖಿಗೂ ಇದೇ ಎಚ್ಚರ. ಒಂದು ಊರಿನ ಅರ್ಧ ಹುಡುಗರು ಜೂನ್ 1ಕ್ಕೆ ಹುಟ್ಟಿದ್ದರೆ ಅದು ಮಾಸ್ತರರು ಬರೆದ ತಾರೀಖು.

ಹುನಗುಂದ ಕಡೆಯಾಂವ
ಮನಿದೇವರು ಯಾರ್ರಿ ನಿಮ್ಮವರು? ಊರು ಬಿಟ್ರೂ ಮನಿದೇವರ ಬಿಡೂದಿಲ್ಲ. ಸಣ್ಣ ದೇವರಿದ್ರ ಊರಿನ ಗುರುತ ಸಿಗತೈತಿ. ಸವದತ್ತಿ ಎಲ್ಲಮ್ಮ ಅಂದ್ರ ಪ್ರಯೋಜನಿಲ್ಲ, ಅಕಿ ಎಲ್ಲಾರಿಗೂ ಬೇಕಾದಾಕಿ.

ಘಟಪ್ರಭಾ ದಂಡಿ
ಎಲ್ಲಮ್ಮನ್ರಿ.

ಸಿಟಿಎಸ್ ನಂಬರ
ಹಾಗಾದರೆ ಖರೀದಿ ಪತ್ರ ನೋಡಿ. ಗೋಕಾಕ ಕಡೆ ಹೊಲ ಬಂದದ್ದು ಕಬೂಲಾಯತಿನಿಂದಲೋ ಖರೀದಿಯಿಂದಲೋ ಗೊತ್ತಿಲ್ಲವಲ್ಲ. ಖರೀದಿ ಆಗಿದ್ದರೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಇಂಡೆಕ್ಸ್ ಇರುತ್ತವೆ: ಒಂದನೇದು ಹೆಸರಿನದು, ಎರಡನೇದು ಆಸ್ತಿಯದು. ಹೆಸರಿನ ಕಾಗುಣಿತ ಕೈಕೊಡುತ್ತದೆ, ಎರಡನೇದರಲ್ಲಿ ಊರು ಮತ್ತು ಸರ್ವೆ ನಂಬರಿನಿಂದ ಹುಡುಕಿ. ತೀರ ಹಳೇ ಸಂಪುಟ ಜಿಲ್ಲಾ ನೋಂದಣಿ ಕಚೇರಿಗೆ ಹೋಗಿರಬಹುದು. ಹಳೇ ಸರ್ವೆ ನಂಬರೇ ಕೊಡಬೇಕು, ಹೊಸದು ಕೊಟ್ಟರೆ "ಇಲ್ಲ" ಅಂತ ಬರುತ್ತದೆ. ಆಗ 100 ರೂಪಾಯಿ ಒಳಗಿನ ಖರೀದಿಯನ್ನು ನೋಂದಾಯಿಸಲೇಬೇಕು ಅಂತ ಇರಲಿಲ್ಲ, ಹಾಗಾಗಿ ಸಣ್ಣ ಹೊಲದ್ದು ಸಿಗದಿದ್ದರೆ ಎದೆಗುಂದಬೇಡಿ. ಪತ್ರದಲ್ಲಿ ಕೊಂಡವನ "ಸಾ॥" (ಸಾಕಿನ, ಅಂದರೆ ಅವನ ಊರು) ಮತ್ತು "ಹಾಲಿ ವಸ್ತಿ" (ಆಗ ಇದ್ದ ಊರು) ಬೇರೆ ಬೇರೆ ಇದ್ದರೆ ಸಾಕು, ನಿಮ್ಮ ಕೆಲಸ ಆದ ಹಾಗೆ.

ಘಟಪ್ರಭಾ ದಂಡಿ
ಮೂರು ವಾರದ ಮ್ಯಾಲ ಬರದಿನ್ರಿ, ಕ್ಷಮಾ ಇರಲಿ. ಎರಡನೇ ಇಂಡೆಕ್ಸಿನಾಗ ಹಳೇ ಸರ್ವೆ ನಂಬರಿಂದ 1890ರ ದಶಕದ ಒಂದು ಖರೀದಿ ಪತ್ರ ಸಿಕ್ಕೈತಿ. ಒಕ್ಕಣಿ ಹಿಂಗೈತಿ: "ಬಸಪ್ಪ ಬಿನ್ ಮಲ್ಲಪ್ಪ, ಸಾ॥ ಮನಗೂಳಿ, ತಾ॥ ಬಾಗೇವಾಡಿ, ಹಾಲಿ ವಸ್ತಿ..." ಮುಂದ ನಮ್ಮ ಊರು. ಅಡ್ಡಹೆಸರಿನ ಜಾಗಾದಾಗ ಬಾಗೇವಾಡಿ ಇಲ್ಲ, "ಗಾಣಿಗೇರ" ಅಂತ ಐತಿ!

ಮೋಡಿ ಓದುಗ
ಊರಿನ ಹೆಸರಲ್ಲ, ತಾಲೂಕಿನ ಹೆಸರು ಹತ್ತಿದೆ! ಹಿರೇಬಾಗೇವಾಡಿಯೂ ಅಲ್ಲ, ಬಸವನ ಬಾಗೇವಾಡಿ ಊರೂ ಅಲ್ಲ.

ಬೈಲಹೊಂಗಲ ಅಕ್ಕ
ಭಾಳ ಚಲೋ ಆತು ತಮ್ಮಾ. ಮನಗೂಳಿ ಹೆಳವರು ಯಾರು ಅಂತ ಈಗ ಕೇಳು.

ಕಲಾದಗಿ ಕಡತ
ಬಸವನ ಬಾಗೇವಾಡಿ ಸರ್ವೆ ಕಚೇರಿಯಲ್ಲಿ ಮೌಜೆ ಮನಗೂಳಿಯ ಮರು ಅಳತೆಯ ಫೈಸಲ್ ಪತ್ರಕ, ಅದಾದ ಮೇಲೆ ಮೊದಲ ಅಳತೆಯದು. ಎರಡು ಬೇರೆ ಅರ್ಜಿ. "ಮಲ್ಲಪ್ಪ" ಎಂಬ ಖಾತೇದಾರರು ನಾಲ್ಕಾರು ಮಂದಿ ಇರಬಹುದು, ಎಲ್ಲರ ಸರ್ವೆ ನಂಬರೂ ಬರೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಮಲ್ಲಪ್ಪ ಇದ್ದು, ಎರಡನೇ ಸುತ್ತಿನಲ್ಲಿ ಬೇರೆಯವರೋ ಸರಕಾರವೋ ಬಂದ ನಂಬರು ಯಾವುದೋ ಅದನ್ನು ಇಲ್ಲಿ ಹಾಕಿ, ಉಳಿದದ್ದು ಕೂಡಿ ನೋಡೋಣ.

ಜೋಳದ ಹೊಲ
ಅಕ್ಕಪಕ್ಕದ ಸರ್ವೆ ನಂಬರಿನ ಖಾತೇದಾರರ ಹೆಸರೂ ಬರಕೊಂಡ ಬರ್ರಿ. ಅಣ್ಣತಮ್ಮರ ಹೊಲ ಹೆಚ್ಚಾಗಿ ಬದು ಹಂಚಿಕೊಂಡಿರತಾವ.

ಕಲಾದಗಿ ಕಡತ
ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಬಿನ್ ನೋಡಿಕೊಂಡು.